ಡ್ರೈವರ್ ಈರಪ್ಪನವರ ಗಿಳಿ ಮತ್ತು ಹಿತ್ತಾಳೆ ಬಟ್ಟಲು

೧೯೫೪ರಲ್ಲಿ ನಾನು ನಾಗಪುರದ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಅಸಿಸ್ಟೆಂಟ್ ಸರ್ಜನ್. ಮೈಸೂರು ಕಡೆಯವನಾದ ನನಗೆ ಅಲ್ಲಿಯ ಮೇ ತಿಂಗಳ ಬಿಸಿಗಾಳಿ ಒಗ್ಗಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನ್ನಿಸುವ ಕಾಲ. ಟಾಂಗಾ ಕುದುರೆಯ ಗೊರಸು, ಕಿತ್ತಳೆ ಗಾಡಿ ಎಳೆಯುವ ಎತ್ತಿನ ಹೆಗಲ ಹುಣ್ಣು, ಇಂಥವೇ ನನ್ನ ಕೇಸುಗಳು. ಹಾಗಿರುವಾಗ ಒಬ್ಬ ಹೆಂಗಸು ಗಿಳಿಯ ಪಂಜರ ತಂದು ಮೇಜಿನ ಮೇಲಿಟ್ಟರೆ ರೇಗದೆ ಇರುತ್ತದೆಯೇ?

"ಏನಮ್ಮಾ ಕಾಯಿಲೆ ಇದಕ್ಕೆ?" ಎಂದೆ.

"ಕಾಯಿಲೆ ಇಲ್ರಿ ಸಾಹೇಬ್ರ. ಬಟ್ಟಲಾ ಕಿತ್ತು ಒಗೀತೈತ್ರಿ."

ಆಕೆ ಹುಬ್ಬಳ್ಳಿ ಕಡೆಯ ನೀಲವ್ವ. ಗಂಡ ಈರಪ್ಪ, ಇಟಾರ್ಸಿ ಲೈನಿನಲ್ಲಿ ಗೂಡ್ಸ್ ಗಾಡಿಯ ಡ್ರೈವರ್. ರಾತ್ರಿಯೆಲ್ಲ ಇಂಜಿನ್, ಹಗಲು ನಿದ್ದೆ. ಆ ಹಗಲು ನಿದ್ದೆಗೇ ಈ ಗಿಳಿ ಕಲ್ಲು ಹಾಕಿತ್ತು. ಪಂಜರದ ಕಂಬಿಗೆ ಸಿಕ್ಕಿಸಿದ ಹಿತ್ತಾಳೆ ಬಟ್ಟಲನ್ನು ಕೊಕ್ಕಿನಿಂದ ಎತ್ತಿ ತಗಡಿನ ತಳಕ್ಕೆ ಬಿಸಾಡಿದರೆ ಈರಪ್ಪ ಬೆಚ್ಚಿಬಿದ್ದು ಏಳುವುದು, ಆಮೇಲೆ ಕಣ್ಣು ಮುಚ್ಚಲಾಗದೆ ಹೊರಳಾಡುವುದು. ಹಿಂದಿನ ವಾರ ಘಾಟಿಯಲ್ಲಿ ಅವರಿಗೆ ಜೋಂಪು ಹತ್ತಿತ್ತು. ಸಿಗ್ನಲ್ ಸಮೀಪಿಸಿದಾಗ ಕಲ್ಲಿದ್ದಲು ಹಾಕುವ ಫೈರ್‌ಮನ್ ಭುಜ ಹಿಡಿದು ಅಲುಗಿಸದಿದ್ದರೆ ಏನಾಗುತ್ತಿತ್ತೋ!

"ಬರೋ ಐತವಾರ ಇದನ್ನ ಗುಡ್ಡಕ್ಕ ಬಿಟ್ಟು ಬರ್ತೇನಿ ಅಂತಾರ್ರೀ. ಮರಿ ಇದ್ದಾಗಿಂದ ಕೈತುತ್ತು ತಿಂದೈತಿ, ಅಲ್ಲಿ ಹೆಂಗ ಬದುಕತೈತಿ? ಈ ಊರಾಗ ನನ್ನ ಕೂಡ ಕನ್ನಡ ಮಾತಾಡೋದು ಇದೊಂದರಿ."

ಹಕ್ಕಿಯನ್ನು ಹಿಡಿದು ಕೊಕ್ಕು, ಉಗುರು, ಹಿಕ್ಕೆ ನೋಡಿದೆ. ಗುಂಡುಕಲ್ಲಿನಂತಿತ್ತು ಆರೋಗ್ಯ, ಪರೀಕ್ಷೆ ಮಾಡಿದ್ದಕ್ಕೆ ನನ್ನ ಹೆಬ್ಬೆರಳಿಗೇ ಕಚ್ಚಿತು. ಬಟ್ಟಲನ್ನು ನಟ್ಟು ಬೋಲ್ಟು ಹಾಕಿ ಬಿಗಿಯಿರಿ ಎಂದು ಹೇಳಿ ಕಳಿಸಿದೆ.

ಎರಡೇ ದಿನಕ್ಕೆ ಈರಪ್ಪನವರೇ ಬಂದರು. ಕೆಂಪು ಕಣ್ಣು, ಕೈಯಲ್ಲಿ ನಟ್ಟು. "ನಮ್ಮ ಶೆಡ್ಡಿನ ಫಿಟರ್ ಬಿಗಿದು ಕೊಟ್ಟಿದ್ದನ್ರೀ. ಅವನಕಿಂತ ಜಲ್ದಿ ಬಿಚ್ಚೈತಿ. ಮೊದಲ ನಟ್ಟು ಒಗೀತು, ಆಮ್ಯಾಲೆ ಬಟ್ಟಲಾ!"

ನಗು ಬಂತು, ನಗಲಿಲ್ಲ. ಆ ಕಣ್ಣುಗಳನ್ನು ನೋಡಿ ನನಗೇ ಹೆದರಿಕೆಯಾಯಿತು. ಆ ದಿನ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಎಲ್ಲೇ ಇಂಜಿನ್ ಸೀಟಿ ಕೇಳಿದರೂ ಕೈಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಮರುದಿನ ಮಧ್ಯಾಹ್ನ ಸೈಕಲ್ ಹತ್ತಿ ಅವರ ರೈಲ್ವೆ ಕ್ವಾರ್ಟರ್ಸಿಗೆ ಹೋದೆ.

ನೀಲವ್ವ ತುಟಿಗೆ ಬೆರಳಿಟ್ಟು ಬಾಗಿಲು ತೆರೆದರು. ಡ್ರೈವರ್ ಮಲಗಿದರೆ ಮನೆಯಲ್ಲಿ ಸೂಜಿ ಬಿದ್ದರೂ ಕೇಳಬೇಕು. ಆ ಸಾಲಿನ ಕ್ವಾರ್ಟರ್ಸುಗಳಲ್ಲಿ ಅದು ವ್ರತದ ಹಾಗೆ ನಡೆದುಬಂದಿತ್ತು. ಬಳೆ ಸದ್ದಾಗದಂತೆ ಸೆರಗು ಸುತ್ತಿಕೊಂಡು, ತುದಿಗಾಲಲ್ಲಿ ನಡೆಯುತ್ತಿದ್ದರು ಆಕೆ. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಕಾದೆ.

ಪಡಸಾಲೆಯಲ್ಲಿದ್ದ ಗಿಳಿ ಮೊದಲು "ನೀಲಾ" ಎಂದಿತು. ಉತ್ತರವಿಲ್ಲ. ಇನ್ನೊಮ್ಮೆ ಕರೆಯಿತು. ಆಮೇಲೆ ಬಾಗಿಲ ಕಡೆ ಕತ್ತು ಕೊಂಕಿಸಿ ನೋಡಿ, ಬಟ್ಟಲನ್ನು ಎತ್ತಿ ಒಗೆಯಿತು. ನೀಲವ್ವ ಓಡಿದರು, ಅದರ ತಲೆ ಸವರಿ, "ಯಾಕೋ ನನ್ನಪ್ಪಾ, ಸುಮ್ಮನಿರೋ" ಎಂದು ಪಿಸುಗುಟ್ಟಿ ಬಟ್ಟಲು ಸಿಕ್ಕಿಸಿದರು. ಗಿಳಿ ಸುಖವಾಗಿ ಕಣ್ಣು ಮುಚ್ಚಿತು. ಒಳಗೆ ಮಲಗಿದ್ದ ಈರಪ್ಪ ಎದ್ದು ಪಡಸಾಲೆಗೆ ಬಂದರು.

"ಕರೆದರೆ ಯಾರೂ ಬರುವುದಿಲ್ಲ, ಒಗೆದರೆ ಓಡಿ ಬರುತ್ತೀರಿ. ಅದಕ್ಕೇ ಒಗೆಯುತ್ತೆ," ಎಂದೆ. "ನಟ್ಟನ್ನು ಪಂಜರದ ಹೊರಗೆ, ಕೊಕ್ಕಿಗೆ ಸಿಗದ ಕಡೆ ಬಿಗಿಯಿರಿ. ಕಡಿಯಲು ಬೇವಿನ ಕಡ್ಡಿ ಕೊಡಿ. ಅದು ಕರೆದಾಗಲೇ ಮಾತಾಡಿಸಿ, ಒಗೆದಾಗ ಹೋಗಬೇಡಿ."

"ಮಾತಾಡಿದ್ರ ಇವ್ರಿಗೆ ನಿದ್ದಿ ಹೆಂಗ್ರೀ?"

ನಾನು ಈರಪ್ಪನವರನ್ನು ಕೇಳಿದೆ: "ಗಾಡಿ ಆ ಕಡೆ ಮುಟ್ಟಿದ ಮೇಲೆ ಎಲ್ಲಿ ಮಲಗುತ್ತೀರಿ?"

"ಡ್ರೈವರಗೋಳು ಮಲಗೋ ರನ್ನಿಂಗ್ ರೂಮಿನಾಗರಿ. ಬಾಜೂಕ ಶಂಟಿಂಗ್ ನಡದಿರತೈತಿ, ಡಬ್ಬಿಗೆ ಡಬ್ಬಿ ಬಡೀತಾವು. ಅಲ್ಲಿ ಗಡದ್ದ ನಿದ್ದಿ..." ಪಂಜರ ನೋಡಿದರು, ಹೆಂಡತಿಯನ್ನು ನೋಡಿದರು. "ಅಲ್ಲಲೇ ನೀಲಾ, ಅಂಥಾ ಗದ್ದಲದಾಗ ಮಲಗಾಂವ ನಾ, ಇಲ್ಲಿ ನಿನಗೂ ಇಡೀ ದಿನ ಬಾಯಿ ಕಟ್ಟಿಸಿ ಕುಂದರಿಸೇನಿ. ನೀ ಒಂದ ದಿನಾನೂ ಏನೂ ಒಗೀಲಿಲ್ಲಲ್ಲ!"

ನೀಲವ್ವ ನಗಲು ಹೋದರು, ಕಣ್ಣು ಒರೆಸಿಕೊಂಡರು.

ಆದರೂ ನನಗೆ ಸಮಾಧಾನವಿಲ್ಲ. ನನ್ನ ಮಾತು ನಂಬಿ ಆ ಮನುಷ್ಯ ನಿದ್ದೆಗೆಟ್ಟು ಇಂಜಿನ್ ಹತ್ತಿದರೆ? ಗಿಳಿಯನ್ನು ಗುಡ್ಡಕ್ಕೆ ಬಿಡುವೆನೆಂದಿದ್ದ ಭಾನುವಾರವೇ ಊಟ ಮುಗಿಸಿದವನು ಅಂಗಳದಲ್ಲಿ ಸುಮ್ಮನೆ ಸುತ್ತು ಹಾಕಿ, ತಡೆಯಲಾರದೆ ಹೊರಟೇಬಿಟ್ಟೆ.

ಬೀದಿ ತಿರುವಿನಲ್ಲೇ ನೀಲವ್ವನ ದನಿ ಕೇಳಿತು. ಪಡಸಾಲೆಯಲ್ಲಿ ಪಂಜರದ ಮುಂದೆ ಕೂತು ಅಕ್ಕಿ ಆರಿಸುತ್ತಾ, ಪಕ್ಕದ ಮನೆಯವಳ ಜಂಬದ ಬಗ್ಗೆ ಗಿಳಿಗೆ ಚಾಡಿ ಹೇಳುತ್ತಿದ್ದರು. ಗಿಳಿ ಬೇವಿನ ಕಡ್ಡಿ ಸೀಳುತ್ತಾ ನಡುನಡುವೆ ಹೂಂಗುಟ್ಟುತ್ತಿತ್ತು.

"ಬರ್ರಿ ಡಾಕ್ಟರ ಸಾಹೇಬ್ರ!" ಎಂದು ಕೂಗಿದರು. ನಾನೇ ಗಾಬರಿಯಾಗಿ ಒಳಗೆ ನೋಡಿದೆ. ಈರಪ್ಪ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು.

ಆಮೇಲೆ ನನ್ನ ಸರ್ವಿಸ್ ಮುಗಿಯುವವರೆಗೂ, ಯಾವ ಪ್ರಾಣಿಯ ಮೇಲೆ ದೂರು ಬಂದರೂ, ಮದ್ದು ಬರೆಯುವ ಮುಂಚೆ ಒಮ್ಮೆ ಅದು ಇರುವ ಮನೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದೆ. ಆ ಭಾನುವಾರ ಮಾತ್ರ ಸುಮ್ಮನೆ ಕೂರಲು ನೀಲವ್ವ ಬಿಡಲಿಲ್ಲ.

"ಜೋರ ಮಾತಾಡ್ರೀ ಸಾಹೇಬ್ರ," ಎಂದರು. "ನಾವು ಸುಮ್ಮನಾದ್ರ ಅವರಿಗೆ ಎಚ್ಚರಾಗತೈತಿ."