ಬಿಸಿಲಿಗಿಟ್ಟ ಹೊಕ್ಕುಳ ರಕ್ತ

2007ರ ಮೇ ತಿಂಗಳು. ನಾನಾಗ ಸೇಡಂನಲ್ಲಿ ಮಾಸ್ತರನಾಗಿದ್ದೆ. ಐದು ವರ್ಷದ ಮಗಳು ಪಲ್ಲವಿಗೆ ಥಲಸ್ಸೇಮಿಯಾ. ತಿಂಗಳು ತಿಂಗಳು ಗುಲಬರ್ಗಾಕ್ಕೆ ಒಯ್ದು ರಕ್ತ ಹಾಕಿಸಬೇಕಿತ್ತು. ನನ್ನ ಹೆಂಡತಿಗೆ ಹುಟ್ಟಲಿರುವ ಮಗುವಿನ ಹೊಕ್ಕುಳಬಳ್ಳಿಯ ರಕ್ತ ಅವಳಿಗೆ ಹೊಂದುತ್ತದೆ, ಅದನ್ನು ಕೂಡಿಟ್ಟರೆ ಚಿಕಿತ್ಸೆ ಮಾಡಬಹುದು ಎಂದು ಪರೀಕ್ಷೆ ಮಾಡಿದ ಹೈದರಾಬಾದಿನ ಡಾಕ್ಟರು ಹೇಳಿದ್ದರು. ನಮ್ಮ ಆಸೆಯೆಲ್ಲ ಅದರ ಮೇಲೇ ಇತ್ತು.

ಒಂದು ಬೆಳಿಗ್ಗೆ ಸೇಡಂ ಆಸ್ಪತ್ರೆಯಲ್ಲಿ ಮಗ ಹುಟ್ಟಿದ. ಡಾಕ್ಟರಮ್ಮ ಬಳ್ಳಿಗೆ ಕ್ಲಿಪ್ ಹಾಕಿ ಕತ್ತರಿಸಿದರು. ಆಮೇಲೆ ತಾಯಿಯ ಕಡೆ ಉಳಿದ ಬಳ್ಳಿಗೆ ಸೂಜಿ ಚುಚ್ಚಿ, ರಕ್ತವನ್ನು ಚೀಲಕ್ಕೆ ಇಳಿಸಿಕೊಂಡರು. ಅದನ್ನು ಬಿಸಿ ತಡೆಯುವ ದಪ್ಪ ಡಬ್ಬಿಯಲ್ಲಿಟ್ಟು, "ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ, ಬಿಸಿಲಿಗೂ ಇಡಬ್ಯಾಡ್ರಿ. ಇವತ್ತೇ ಹೈದರಾಬಾದಿಗೆ ಮುಟ್ಟಿಸ್ರಿ ಸರ್" ಎಂದರು.

ರೈಲಿಗೆ ಇನ್ನೂ ಹೊತ್ತಿತ್ತು, ಬಟ್ಟೆ ತರಲು ಮನೆಗೆ ಹೋದೆ. ನಮ್ಮವ್ವನ ಮಡಿ ಇಡೀ ಓಣಿಗೇ ಗೊತ್ತು. ಬಾಗಿಲಲ್ಲೇ ತಡೆದು, "ಅದೇನೋ ಕೈಯಾಗ?" ಎಂದಳು.

"ಕೂಸಿನ ಬಳ್ಳಿ ರಕ್ತ. ಹೈದರಾಬಾದಿಗೆ ಒಯ್ಯಬೇಕು."

"ರಾಮ ರಾಮ! ಮೊದ್ಲ ತಲಿ ಮ್ಯಾಲ ನೀರ ಹಾಕ್ಕೋ, ಹೋಗು."

ರಂಪ ಮಾಡಿಯಾಳೆಂದು ಅದು ಯಾತಕ್ಕೆಂದು ಅವಳಿಗೆ ಹೇಳಿಯೇ ಇರಲಿಲ್ಲ. ಡಬ್ಬಿಯನ್ನು ಪಡಸಾಲೆಯಲ್ಲಿಟ್ಟು ಸ್ನಾನ ಮಾಡಿ ಬಂದರೆ ಡಬ್ಬಿ ಮಾಯ!

"ಹೆರಿಗಿ ಮೈಲಿಗಿ ಒಳಗ ಇಡತಾರೇನೋ? ಕೋಲಿಲೆ ನೂಕ್ಕೋತ ಹಿತ್ತಲಕ್ಕ ಹಾಕೀನಿ" ಎಂದಳು ಅವ್ವ.

ಹಿತ್ತಲಿನ ಶಹಾಬಾದ್ ಕಲ್ಲು ಕಾದ ಹಂಚಾಗಿತ್ತು. ಅದರ ಮೇಲೆ ಡಬ್ಬಿ! ಮುಚ್ಚಳ ಮುಟ್ಟಿದರೆ ಕೈ ಚುರ್ರೆಂದಿತು. "ಪಲ್ಲವಿ ಜೀವ ಅದರಾಗ ಅದ ಅವ್ವಾ!" ಎಂದು ಕೂಗಿದೆ, ಅಲ್ಲೇ ಕುಸಿದು ಅತ್ತುಬಿಟ್ಟೆ.

ಬಳ್ಳಿ ರಕ್ತ ಕೂಡಿಡುವ ಹೈದರಾಬಾದಿನ ಬ್ಯಾಂಕಿಗೆ ಫೋನ್ ಮಾಡಿದೆ. ತೆರೆಯದೆ, ನೆರಳಿನಲ್ಲಿ ಬೇಗ ತನ್ನಿ, ಇಲ್ಲಿ ನೋಡಿಯೇ ಹೇಳುತ್ತೇವೆ ಎಂದರು. ತಿರುಗಿ ನೋಡಿದರೆ ಅವ್ವ ತನ್ನ ಮಡಿ ಸೀರೆಯಲ್ಲೇ ಡಬ್ಬಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. "ನಡಿ, ನಾನೂ ಬರತೀನಿ" ಎಂದಳು. ತಾಂಡೂರು ದಾಟಿದರೂ ಒಂದು ಗುಟುಕು ನೀರು ಕುಡಿಯಲಿಲ್ಲ, ಡಬ್ಬಿಯನ್ನು ನನ್ನ ಕೈಗೂ ಕೊಡಲಿಲ್ಲ.

ಬ್ಯಾಂಕಿನವರು ಡಬ್ಬಿ ತೆರೆದು ಒಳಗಿನ ತಾಪಮಾನ ನೋಡಿದರು. ಬಿಸಿ ಒಳಕ್ಕೆ ಇಳಿದಿರಲಿಲ್ಲ. ಮರುದಿನ ಫೋನ್ ಬಂತು: ಜೀವಕೋಶಗಳು ಚೆನ್ನಾಗಿವೆ, ದ್ರವ ಸಾರಜನಕದ ಕೊರೆವ ಶೀತದಲ್ಲಿ ಇಟ್ಟಿದ್ದೇವೆ. ನನಗೆ ಹೋದ ಜೀವ ಬಂದಂತಾಯಿತು.

ಎರಡು ವರ್ಷದ ಮೇಲೆ ಅದೇ ರಕ್ತದಿಂದ ಪಲ್ಲವಿ ಗುಣವಾದಳು. ನಾನು ಇವತ್ತಿಗೂ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಟ್ಟರೆ ಅವ್ವ ಬೈಯುತ್ತಾಳೆ. ಆದರೆ ಮಗ ಹುಟ್ಟಿದ ಆ ವರ್ಷ, ವೃದ್ಧಿ ಎನ್ನುವ ಹೆರಿಗೆಯ ಮೈಲಿಗೆ ಕಳೆದ ಹನ್ನೊಂದನೆಯ ದಿನ, ಡಬ್ಬಿ ಸುತ್ತಿದ ಆ ಸೀರೆಯನ್ನು ಒಗೆಯದೆಯೇ ಉಟ್ಟು ಅವಳು ದೇವರಿಗೆ ದೀಪ ಹಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.