ಸಂಸ್ಕೃತದ ಫಾರ್ಮಿಗೆ ಅಪ್ಪನ ಸಹಿ

ಸಂಸ್ಕೃತಕ್ಕಾಗಿ ಅಪ್ಪ ಮಗಳು ಮಾತು ಬಿಟ್ಟದ್ದನ್ನು ಕೇಳಿದ್ದೀರಾ? ನಾನು 1970ರಲ್ಲಿ ಕಣ್ಣಾರೆ ಕಂಡೆ.

ಅಪ್ಪ ಎಂದರೆ ಮರೆಪ್ಪ, ವಾಡಿ ರೈಲ್ವೆ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ನಾನು ಅಲ್ಲೇ ಬುಕಿಂಗ್ ಕ್ಲಾರ್ಕು. ಮಗಳು ಸುಜಾತಾ ಹೈಸ್ಕೂಲಿಗೆ ಸೇರಿದ್ದಳು, ಸಂಸ್ಕೃತವೇ ಬೇಕು ಅಂತ ಹಟ. ಫಾರ್ಮಿಗೆ ಅಪ್ಪನ ಸಹಿ ಬೇಕು, ಮರುದಿನವೇ ಕೊನೆಯ ದಿನ. ಮರೆಪ್ಪ ಮಾತ್ರ ಸುತಾರಾಂ ಒಪ್ಪಲಿಲ್ಲ.

ಡ್ಯೂಟಿ ಮುಗಿಸಿ ಅವರ ಕ್ವಾರ್ಟರ್ಸಿಗೆ ಹೋದೆ. (ಪುಕ್ಕಟೆ ಉಪದೇಶವೆಂದರೆ ನಾನು ಸದಾ ಮುಂದು.)

“ಓದ್ಲಿ ಬಿಡು ಮರೆಪ್ಪಾ. ಸ್ಕೋರಿಂಗ್ ಸಬ್ಜೆಕ್ಟ್ ಅದ. ಮಾರ್ಕ್ಸ್ ಭಾಳ ಬರ್ತಾವ,” ಎಂದೆ.

“ಮಾರ್ಕ್ಸಿನ ಮಾತಲ್ರಿ ಸಾಹೇಬ್ರ. ನಮ್ಮಪ್ಪ ಸಣ್ಣಾವಿದ್ದಾಗ ಪಾಠಶಾಲಿ ಕಿಟಕಿ ಹೊರಗ ನಿಂತು ಶ್ಲೋಕ ಕೇಳಿದ್ದ. ಕೇರಿ ಹುಡುಗಂದು ಏನ್ ಕೆಲಸ ಇಲ್ಲಿ ಅಂತ ಬೆನ್ನ ಮ್ಯಾಲ ಬಾಸುಂಡಿ ಬರೂಹಂಗ ಹೊಡದ್ರು. ಅದೇ ಭಾಷಾ ನನ್ನ ಮಗಳು ಯಾಕ ಕಲೀಬೇಕು?”

ನಮ್ಮ ಪರಂಪರೆ, ನಮ್ಮ ಸಂಪತ್ತು ಅಂತೆಲ್ಲ ಹೇಳಬೇಕೆಂದಿದ್ದೆ. ಯಾರ ಸಂಪತ್ತು ಎಂದು ಅವನು ಕೇಳಿದರೆ ಏನು ಹೇಳಲಿ? ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ಅವಳನ್ನೇ ಕೇಳಿದೆ, ಯಾಕ ಬೇಕವ್ವಾ ನಿನಗ?

“ಸಂಸ್ಕೃತ ಪುಸ್ತಕದಾಗ ನಮ್ಮ ಬಗ್ಗೆ ಹಂಗ ಬರದದ, ಹಿಂಗ ಬರದದ ಅಂತ ಎಲ್ಲಾರೂ ಹೇಳ್ತಾರ ಕಾಕಾ. ಹೇಳವ್ರು ಯಾರೂ ಓದಿಲ್ಲ. ಹೊಡದು ನಮ್ಮ ಮುತ್ತ್ಯಾಗ ಕೇಳಬ್ಯಾಡ ಅಂದದ್ದು ಏನದ ಅಂತ ನಂಗ ನೋಡೂದದ. ಚಂದದ್ದು ಇದ್ರ ಅದೂ ನಮಗ ಬೇಕಲ್ಲ?”

ನಿಜ ಹೇಳುತ್ತೇನೆ, ಸಂಸ್ಕೃತ ಓದಲು ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಯಾವ ಪಂಡಿತರ ಬಾಯಲ್ಲೂ ಕೇಳಿಲ್ಲ.

ಮರೆಪ್ಪ ನನ್ನ ಪೆನ್ನು ಕೇಳಿ ಇಸಿದುಕೊಂಡು ಬಲದಿಂದ ಎಡಕ್ಕೆ ಸಹಿ ಹಾಕಿದ. ಉರ್ದು! ನಿಜಾಮರ ಕಾಲದಲ್ಲಿ ಶಾಲೆ ಕಲಿತ ಅವನಿಗೆ ಬರುವ ಸಹಿ ಅದೊಂದೇ. ಕನ್ನಡದ ಫಾರ್ಮು, ಸಂಸ್ಕೃತದ ಕ್ಲಾಸು, ಉರ್ದು ಸಹಿ. ನಮ್ಮ ಕಡೆ ಬಿಟ್ಟರೆ ಇದು ಇನ್ನೆಲ್ಲಿ ನಡೆದೀತು?

ಫಾರ್ಮು ಕೊಡುವಾಗ ಎರಡು ದಿನದ ಮೇಲೆ ಮಗಳ ಜೊತೆ ಮಾತಾಡಿದ: “ಕಲತದ್ದು ನನಗೂ ಬಿಡಿಸಿ ಹೇಳ್ಬೇಕು ನೋಡು. ಬೈಗುಳ ಇದ್ರೂ ಮುಚ್ಚಿಡಬ್ಯಾಡ.”

ದಿನಾ ಬೆಳಿಗ್ಗೆ ನಾವು ನೀವು ಶ್ಲೋಕ ಗಡಗಡ ಹೇಳಿ ಮುಗಿಸುತ್ತೇವಲ್ಲ, ಅದರಲ್ಲಿ ಏನಿದೆ ಅಂತ ಒಮ್ಮೆಯಾದರೂ ಯಾರನ್ನಾದರೂ ಕೇಳಿದ್ದೇವಾ?