ಕುನ್ನಿಯ ಪಾಲಿನ ಗಿಣ್ಣು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಜಯಮ್ಮ ಸ್ಟೀಲ್ ಬಟ್ಟಲೊಂದನ್ನು ಕೈಗಿಟ್ಟು, "ಅಸ ಕರ ಆಕೈತೆ ಕಣಣ್ಣ, ಎಣ್ಗರ. ಗಿಣ್ಣು ತಂದಿವ್ನಿ, ತಿನ್ನಿ" ಎಂದು ಹೇಳಿ ಹೋದಳು. ಮುಚ್ಚಳ ತೆಗೆದರೆ ಬೆಲ್ಲ, ಏಲಕ್ಕಿಯ ಘಮ. ಬಾಯಲ್ಲಿ ನೀರೂರಬೇಕಿತ್ತು. ನಾನು ಮಾತ್ರ ಬಟ್ಟಲು ಹಿಡಿದುಕೊಂಡು ಪಡಸಾಲೆಯ ಬಾಗಿಲ ಕಡೆ ನೋಡುತ್ತಾ ನಿಂತುಬಿಟ್ಟೆ.

ನಿಮ್ಮ ಮನೆಯಲ್ಲಿ ಹೇಗೋ ಕಾಣೆ, ಶಾಂತಿಗ್ರಾಮದ ನಮ್ಮ ಮನೆಯಲ್ಲಿ ಗಿಣ್ಣು ಹಂಚಲು ಅವ್ವನದೇ ಒಂದು ಕ್ರಮವಿತ್ತು. ಮೊದಲು ದೇವರಿಗೆ, ಆಮೇಲೆ ಬಾಗಿಲಲ್ಲಿ ಕೂತ ನಾಯಿಗೆ, ಅದಾದ ಮೇಲೆ ನನಗೆ. ಪಾತ್ರೆಯ ತಳಕ್ಕೆ ಅಂಟಿದ್ದನ್ನು ಕೆರೆದುಕೊಂಡು ಕೊನೆಗೆ ತಾನು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳಿ, ತಿಂಗಳಾದರೆ ಸಂಬಳ ತರುವ ನಾನು ನಾಯಿಗಿಂತ ಹಿಂದೆ! ಕೇಳಿದರೆ, "ನೀನು ಬಸ್ಸತ್ತಿ ಓಯ್ತೀಯ. ಕೊಟ್ಟಿಗೆ ಕಾಯೋರ್ಯಾರ್ಲಾ?" ಎನ್ನುತ್ತಿದ್ದಳು.

ನಾಯಿಯ ಹೆಸರು ಕುನ್ನಿ. ಮರಿಯಾಗಿದ್ದಾಗ ಕರೆದದ್ದು ಹಾಗೇ ಉಳಿಯಿತು. ಮೂತಿಯೆಲ್ಲ ಬೆಳ್ಳಗಾಗಿ, ಹಿಂಗಾಲು ಎಳೆಯತೊಡಗಿದರೂ ಅವಳು ಕುನ್ನಿಯೇ. ಮನೆಯೊಳಗೆ ಒಂದು ದಿನವೂ ಗಲೀಜು ಮಾಡಿದವಳಲ್ಲ. ಎಷ್ಟೇ ಮಳೆಯಿರಲಿ, ಹಿತ್ತಿಲ ನುಗ್ಗೆಮರದ ಆಚೆಗೇ ಹೋಗಬೇಕು. ಅಂಥ ಅಚ್ಚುಕಟ್ಟು ನನಗೂ ಇರಲಿಲ್ಲ.

ಅವಳ ಹಿಂಗಾಲು ಸೋತ ವರ್ಷ ನಮ್ಮ ಹಸು ಕರು ಹಾಕಿದಾಗ, ವಯಸ್ಸಾದ ನಾಯಿ, ಸ್ವಲ್ಪ ಕೊಟ್ಟರೆ ಸಾಕು ಎಂದೆ. "ವರ್ಸಕ್ಕೊಂದ್ಸಲ ಬರೋದು ಕಣ್ಲಾ. ಅವಳ ಪಾಲು ಕಿತ್ಕೊಳ್ಳಾದಾ?" ಎಂದ ಅವ್ವ ಎಂದಿಗಿಂತ ದೊಡ್ಡ ತುಂಡನ್ನೇ ಹಾಕಿದಳು. ಕುನ್ನಿ ತಟ್ಟೆ ನೆಕ್ಕಿ ನೆಕ್ಕಿ ಗೋಡೆಯ ತನಕ ತಳ್ಳಿಕೊಂಡು ಹೋದಳು.

ರಾತ್ರಿ ಎಚ್ಚರವಾದದ್ದು ಅವಳ ಹೊಟ್ಟೆಯ ಗುಡುಗುಡು ಸದ್ದಿಗೆ. ಹಿತ್ತಿಲ ಬಾಗಿಲನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾನು ಚಿಲಕ ತೆಗೆಯುವಷ್ಟರಲ್ಲಿ ತಡೆಯಲಾಗದೆ ನಡುಮನೆಯಲ್ಲೇ ಆಗಿಹೋಯಿತು. ವಾಂತಿಯೂ ಆಯಿತು. ಕುನ್ನಿ ನಮ್ಮ ಮುಖ ನೋಡಲಿಲ್ಲ. ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ, ಬಾಲ ಮುದುರಿಕೊಂಡು ನಿಂತಳು.

ಅವ್ವ ಒಲೆಯ ಬೂದಿ ತಂದು ಸುರಿದಳು. ಬಳಿದು, ಒರೆಸಿ, ಸೆರಗು ಸಿಕ್ಕಿಸಿಕೊಂಡು ಕುನ್ನಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ತಲೆ ಸವರುತ್ತಾ, "ನಾಚ್ಕೊಬ್ಯಾಡ ಕಣವ್ವ. ವಯಸ್ಸಾದ್ಮ್ಯಾಲೆ ಒಟ್ಟೆ ನಮ್ಮ ಮಾತು ಕೇಳಾಕಿಲ್ಲ. ನಾನಿವ್ನಿ" ಎಂದಳು. ನಾನು ಹಾಸನದ ಪಶುವೈದ್ಯರಿಗೆ ಫೋನು ಮಾಡಿದೆ. "ಏನೂ ತಿನ್ನಿಸ್ಬೇಡಿ ಸಾರ್. ನೀರು ಸ್ವಲ್ಪ ಸ್ವಲ್ಪವಾಗಿ ಇಡಿ, ಬೆಳಗಾಗುತ್ಲೂ ಕರ್ಕೊಂಡ್ಬನ್ನಿ" ಎಂದರು. ಬೆಳಗಿನವರೆಗೂ ಅವ್ವ ಬಾಗಿಲು ತೆಗೆದಳು, ಟಾರ್ಚು ಹಿಡಿದು ಹಿತ್ತಿಲಿಗೆ ಹೋದಳು, ಬಂದಳು. ಪ್ರತಿ ಸಲವೂ ಒಂದೇ ಮಾತು: "ನಾನೇ ಕೊಟ್ಟೆ ಕಣ್ಲಾ, ನನ್ನ ಕೈಯಾರೆ."

ಆಟೋದಲ್ಲಿ ಹಾಸನಕ್ಕೆ ಒಯ್ದು ಡ್ರಿಪ್ ಹಾಕಿಸಿದ ಮೇಲೆ ಕುನ್ನಿ ಚೇತರಿಸಿಕೊಂಡಳು. ಆದರೆ ಮೊದಲಿನ ಕಸುವು ಬರಲಿಲ್ಲ. ಮಳೆಗಾಲ ಮುಗಿಯುವ ಮುಂಚೆ, ನಿದ್ದೆಯಲ್ಲೇ ಹೋದಳು. ಮುಪ್ಪಿಗೆ ಹೋದಳು ಎಂದು ಡಾಕ್ಟರು ಹೇಳಿದರೂ ಅವ್ವ ನಂಬಲಿಲ್ಲ. ಆಮೇಲೆ ಯಾರ ಮನೆಯಿಂದ ಗಿಣ್ಣು ಬಂದರೂ ಕಣ್ಣಿಗೊತ್ತಿಕೊಂಡು ನನ್ನ ಕಡೆ ಸರಿಸಿಬಿಡುತ್ತಿದ್ದಳು. ಕಾಶಿಗೆ ಹೋದವರು ಇಷ್ಟದ ತಿನಿಸು ಬಿಟ್ಟು ಬರುತ್ತಾರಲ್ಲ, ಅವ್ವ ಕಾಶಿಗೆ ಹೋಗದೆಯೇ ಬಿಟ್ಟಳು. ಪಾತ್ರೆಯ ತಳವನ್ನೂ ಮತ್ತೆ ಕೆರೆಯಲಿಲ್ಲ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಒಂದು ರಾತ್ರಿ ಬಚ್ಚಲವರೆಗೆ ನಡೆಯಲಾಗದೆ ಆ ನಡುಮನೆಯಲ್ಲೇ ಅವಳಿಗೂ ಹಾಗಾಯಿತು. ನಾನು ದೀಪ ಹಾಕಿದರೆ ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. "ಆಚೆಗೋಗ್ಲಾ. ಗಂಡುಮಗ ನೋಡಾದಲ್ಲ ಇದು" ಎಂದಳು. ನಮ್ಮದು ಪ್ರೀತಿಯನ್ನು ಬಾಯಿ ಬಿಟ್ಟು ಹೇಳಿಕೊಳ್ಳುವ ಮನೆಯಲ್ಲ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನಿಗೆ ಆಗ ಹೊಳೆದದ್ದು ಅವಳದೇ ಮಾತು.

"ನಾಚ್ಕೊಬ್ಯಾಡ ಕಣವ್ವ. ನಾನಿವ್ನಿ."

ಅವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ, "ಕುನ್ನಿಗೇಳಿದ್ನ ನೆಪ್ಪಿಟ್ಕೊಂಡಿದ್ದೀಯಲ್ಲೋ" ಎಂದು ನನ್ನ ಹೆಗಲಿಗೆ ಒರಗಿದಳು. ಅವಳು ಅಷ್ಟು ಹಗುರವಾಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅದಾದ ಮೇಲೆ ಅವ್ವ ಹೆಚ್ಚು ದಿನ ಉಳಿಯಲಿಲ್ಲ.

ಜಯಮ್ಮನ ಬಟ್ಟಲನ್ನು ಬರಿದಾಗಿ ಕೊಡಬಾರದೆಂದು ಸಕ್ಕರೆ ಹುಡುಕಿ ಇಟ್ಟುಕೊಂಡೆ. ದೇವರ ಮುಂದೆ ಒಂದು ತುಂಡು ಇಟ್ಟೆ. ಎರಡನೆಯದನ್ನು ಹಿಡಿದು ಬಾಗಿಲವರೆಗೂ ಹೋಗಿ ವಾಪಸು ಬಂದೆ. ಎಷ್ಟೋ ವರ್ಷ ಮೂರನೆಯವನಾಗಿ ಗೊಣಗುತ್ತಾ ಕೂತಿದ್ದವನು ನಾನು. ಇವತ್ತು ದೇವರನ್ನು ಬಿಟ್ಟರೆ ನನ್ನ ಮುಂದೆ ಯಾರೂ ಇಲ್ಲ, ಪಾತ್ರೆ ಕೆರೆಯಲು ಹಿಂದೆಯೂ ಯಾರೂ ಇಲ್ಲ. ಮತ್ತೆ ಹೋಗಿ ಬಾಗಿಲಲ್ಲೇ ಕುಳಿತು ಕುನ್ನಿಯ ಪಾಲನ್ನು ತಿಂದೆ, ನನ್ನದನ್ನೂ ತಿಂದೆ. ಆಮೇಲೆ ಬಟ್ಟಲಿನ ತಳವನ್ನು ಬೆರಳಿನಿಂದ ಕೆರೆದು, ಅವ್ವ ಬಿಟ್ಟದ್ದನ್ನೂ ತಿಂದೆ.